ಏಳನೇ ಕ್ಲಾಸು ಮುಗಿಸುತ್ತಿರುವ ಮಗಳಿಗೆ ಶಾಲೆ ಹುಡುಕುವಾಗ

ತಮ್ಮಾ, ಮಗಳನ್ನು ಎಂಟನೇ ಕ್ಲಾಸಿಗೆ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಗೆ ಹಾಕಬೇಕೆಂದು ನೀನೂ ನಿನ್ನ ಹೆಂಡತಿಯೂ ಓಡಾಡುತ್ತಿದ್ದೀರಿ ಎಂದು ತಿಳಿಯಿತು. ಹಾಸ್ಟೆಲ್ ಬೇಡ, ರಾತ್ರಿ ಅವಳು ಮನೆಯಲ್ಲೇ ಊಟ ಮಾಡಿ ಮಲಗಬೇಕು ಎಂಬುದು ನಿನ್ನ ಹಟ. ಒಳ್ಳೆಯ ಹಟವೇ. ಹನ್ನೆರಡು ಹದಿಮೂರರ ಮಗು ಮೈಮನಸ್ಸು ಎರಡೂ ಬದಲಾಗುವ ಹೊತ್ತಿನಲ್ಲಿ ತಾಯಿಯ ಹತ್ತಿರ ಇರುವುದು ಒಳ್ಳೆಯದು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿಯೇ ತಲೆ ನರೆಸಿಕೊಂಡವಳು, ಅಡ್ಮಿಷನ್ ಕಾಲದ ಅಪ್ಪ ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಅಕ್ಕನ ಮಾತು ಅಂತ ನಾಲ್ಕು ಮಾತು ಕೇಳಿಸಿಕೋ.

ಎಲ್ಲರೂ ಕೇಳುವ ಪ್ರಶ್ನೆ ‘ಯಾವ ಶಾಲೆ ಚೆನ್ನಾಗಿದೆ’ ಎಂಬುದು. ನೀನು ಬೇರೆ ಪ್ರಶ್ನೆ ಕೇಳು. ಯಾವ ಶಾಲೆಗಾದರೆ ನನ್ನ ಮಗಳು ಎಂಟು, ಒಂಬತ್ತು, ಹತ್ತು ಈ ಮೂರೂ ವರ್ಷ ತಪ್ಪದೆ ಹೋಗಿ ಬರುತ್ತಾಳೆ, ಅಲ್ಲಿಂದ ಪಿಯುಸಿಗೂ ನಡೆಯುತ್ತಾಳೆ? ನಮ್ಮ ಕಡೆ ಹೆಣ್ಣುಮಕ್ಕಳ ಓದು ನಿಲ್ಲುವುದು ಬುದ್ಧಿ ಸಾಲದೆ ಅಲ್ಲ. ದಾರಿ ದೂರವಾಗಿ, ಫೀಜು ಭಾರವಾಗಿ, ಶಾಲೆಯಲ್ಲಿ ಒಂದು ಅವಮಾನವಾಗಿ, ಇಲ್ಲವೆ ‘ಇನ್ನು ಸಾಕು, ಒಳ್ಳೆಯ ಸಂಬಂಧ ಬಂದಿದೆ’ ಎಂದು ಮನೆಯವರೇ ಹೇಳಿ ನಿಲ್ಲುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದ ತಿದ್ದುಪಡಿ ಕಾಯ್ದೆಯ ಪ್ರಕಾರ ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಆದರೂ ಓದು ಒಮ್ಮೆ ನಿಂತಿತು ಅಂದರೆ ಮನೆಯಲ್ಲಿ ಮಾತು ಆ ಕಡೆಗೇ ತಿರುಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಓದು ನಿಲ್ಲಲು ಕಾರಣ ಕೊಡದಂಥ ಶಾಲೆಯನ್ನು ಹುಡುಕು.

ಹೆಣ್ಣುಮಕ್ಕಳ ಶಾಲೆಯೇ ಬೇಕೇ ಎಂಬುದನ್ನು ಮೊದಲು ಯೋಚಿಸು. ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ, ಚಾಮರಾಜೇಂದ್ರ ಒಡೆಯರ ಬೆಂಬಲದಿಂದ ಮಹಾರಾಣಿ ಬಾಲಕಿಯರ ಶಾಲೆ ಶುರುವಾದಾಗ, ಬೇರೆ ಶಾಲೆ ಅಂತ ಇರದಿದ್ದರೆ ಮನೆಯವರು ಹುಡುಗಿಯರನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಅಂದಿನ ಕಾಲಕ್ಕೆ ಅದು ತೆರೆದ ಬಾಗಿಲು. ಇವತ್ತೂ ಅಂಥ ಶಾಲೆಯಿಂದ ಲಾಭವಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗ ಹುಡುಗಿಯರು ಕೂಡಿ ಕಲಿಯುವ ಲ್ಯಾಬಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡು. ಬ್ಯುರೆಟ್ಟು, ಪ್ರನಾಳ, ಬ್ಯಾಟರಿ, ತಂತಿ ಹುಡುಗರ ಕೈಯಲ್ಲಿರುತ್ತವೆ. ಪಕ್ಕದಲ್ಲಿ ನಿಂತ ಹುಡುಗಿ ಮುದ್ದಾದ ಅಕ್ಷರದಲ್ಲಿ ರೀಡಿಂಗ್ ಬರೆದುಕೊಳ್ಳುತ್ತಿರುತ್ತಾಳೆ. ಯಾರೂ ಹಾಗೆ ಮಾಡಿ ಎಂದು ಹೇಳಿರುವುದಿಲ್ಲ, ಆದರೂ ಹಾಗೇ ಆಗುತ್ತದೆ. ಹುಡುಗಿಯರೇ ಇರುವ ಶಾಲೆಯಲ್ಲಿ ತಂತಿ ಜೋಡಿಸುವವಳೂ ಹುಡುಗಿ, ಕ್ಲಾಸ್ ಲೀಡರೂ ಹುಡುಗಿ, ಧ್ವಜಕ್ಕೆ ಕವಾಯತು ನಡೆಸುವವಳೂ ಹುಡುಗಿ. ನಾಚಿಕೆ ಸ್ವಭಾವದ ಮಗುವಿಗೆ ಇದು ಬಹಳ ಒಳ್ಳೆಯದು.

ಆದರೆ ಹುಡುಗಿಯರನ್ನು ಕಾವಲಿನಲ್ಲಿ ಇಡುವುದಕ್ಕೆಂದೇ ನಡೆಯುವ ಹುಡುಗಿಯರ ಶಾಲೆಗಳೂ ಇವೆ. ಜೋರಾಗಿ ನಗಬಾರದು, ಮೈದಾನಕ್ಕೆ ಇಳಿಯಬಾರದು, ಪ್ರವಾಸಕ್ಕೆ ಹೋಗಬಾರದು, ಟೀಚರ್ ಹೇಳಿದ್ದಕ್ಕೆ ಎದುರು ಪ್ರಶ್ನೆ ಹಾಕಬಾರದು. ‘ನಮ್ಮಲ್ಲಿ ಡಿಸಿಪ್ಲಿನ್ ಜಾಸ್ತಿ’ ಎಂದು ಹೆಮ್ಮೆಯಿಂದ ಹೇಳಿದರೆ ಅದರ ಅರ್ಥವೇನು ಎಂದು ಬಿಡಿಸಿ ಕೇಳು. ಈ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಎಷ್ಟು ಮಕ್ಕಳನ್ನು ಕಳಿಸಿದ್ದಿರಿ, ಖೋ ಖೋ ತಂಡ ಇದೆಯೇ, ಥ್ರೋಬಾಲ್ ಕೋರ್ಟು ಎಲ್ಲಿ, ಪಿಟಿ ಪಿರಿಯಡ್ಡನ್ನು ಗಣಿತಕ್ಕೆ ಕೊಡುತ್ತೀರಾ ಎಂದು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಮಕ್ಕಳನ್ನು ಅಂಜಿಸಿ ಕೂರಿಸುವ ಹುಡುಗಿಯರ ಶಾಲೆಗಿಂತ, ಹೆಣ್ಣುಮಕ್ಕಳ ಮಾತಿಗೆ ಬೆಲೆ ಕೊಡುವ ಕೂಡುಶಾಲೆ ಎಷ್ಟೋ ಮೇಲು. ಇದು ನನ್ನ ಖಚಿತ ಅಭಿಪ್ರಾಯ.

ಇನ್ನು ದಾರಿ. ಡೇ ಸ್ಕೂಲ್ ಅಂದಮೇಲೆ ದಾರಿಯೂ ಶಾಲೆಯ ಭಾಗವೇ. ನಮ್ಮೂರು ಭರಮಸಾಗರದಿಂದ ಲಕ್ಷ್ಮೀಸಾಗರ, ವಿಜಾಪುರ ದಾಟಿ ದುರ್ಗಕ್ಕೆ ಹೋದರೂ ಸರಿ, ಹೆಬ್ಬಾಳು, ಆನಗೋಡು ದಾಟಿ ದಾವಣಗೆರೆಗೆ ಹೋದರೂ ಸರಿ, ಹೈವೇ ಪ್ರಯಾಣ ತಪ್ಪಿದ್ದಲ್ಲ. ಕಾರಿನಲ್ಲಿ ನೀನು ಹೋಗಿ ಬಂದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡ. ಶಾಲೆಯ ಗೇಟು ಎಂಟೂ ಮುಕ್ಕಾಲಿಗೆ ಅಂದರೆ ಅವಳು ಏಳೂವರೆಗೆ ಬಸ್ಸಿಗೆ ನಿಲ್ಲಬೇಕು, ಅಂದರೆ ಐದೂವರೆ ಆರಕ್ಕೆ ಏಳಬೇಕು. ಬುತ್ತಿ ಕಟ್ಟಲು ತಾಯಿ ಅದಕ್ಕೂ ಮುಂಚೆ ಏಳಬೇಕು. ಸಂಜೆ ನಾಲ್ಕೂವರೆಗೆ ಬಿಟ್ಟರೂ ಹತ್ತನೇ ಕ್ಲಾಸಿನಲ್ಲಿ ಸ್ಪೆಷಲ್ ಕ್ಲಾಸು ಇದ್ದೇ ಇರುತ್ತದೆ, ಡಿಸೆಂಬರ್ ಜನವರಿಯಲ್ಲಿ ಆರೂವರೆಗೆಲ್ಲ ಕತ್ತಲೆ. ಆ ಹೊತ್ತಿನಲ್ಲಿ ಅವಳು ಎಲ್ಲಿ ಇಳಿಯುತ್ತಾಳೆ, ಸರ್ವಿಸ್ ರಸ್ತೆಯಲ್ಲೋ ಮೇಲಿನ ಹೈವೇಯಲ್ಲೋ, ಅಲ್ಲಿ ದೀಪ ಇದೆಯೇ, ಮನೆಯಿಂದ ಯಾರು ಬಂದು ಕರೆದುಕೊಂಡು ಹೋಗುತ್ತಾರೆ, ಇಷ್ಟನ್ನೂ ಈಗಲೇ ಗಂಡಹೆಂಡತಿ ಕೂತು ಮಾತಾಡಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಚಾರ್ಜು ಹೆಣ್ಣುಮಕ್ಕಳಿಗೆ ಇಲ್ಲ. ಅದು ಎಷ್ಟೋ ಮನೆಗಳಿಗೆ ಆಧಾರವಾಗಿದೆ. ಆದರೆ ಆ ಸೌಲಭ್ಯ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ನಿನ್ನ ಮಗಳ ಹೊತ್ತಿಗೆ ನಿಲ್ಲುವುದು ಯಾವ ಬಸ್ಸು ಎಂಬುದನ್ನು ಒಂದು ವಾರ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಶಾಲೆಯದೇ ವ್ಯಾನು ಇದೆ ಎಂದರೆ ಇನ್ನೊಂದು ವಿಷಯವಿದೆ, ಇದನ್ನು ಯಾರೂ ಕೇಳುವುದಿಲ್ಲ. ಪಟ್ಟಣದಿಂದ ಹೊರಟ ವ್ಯಾನಿಗೆ ನಮ್ಮೂರು ಕೊನೆಯ ನಿಲುಗಡೆಯಾಗಿರುವ ಸಂಭವ ಹೆಚ್ಚು. ಹಾಗಾದರೆ ಬೆಳಗ್ಗೆ ಮೊದಲು ಹತ್ತುವವಳು ನಿನ್ನ ಮಗಳು, ಸಂಜೆ ಕೊನೆಗೆ ಇಳಿಯುವವಳೂ ಅವಳೇ. ಎಲ್ಲ ಮಕ್ಕಳೂ ಇಳಿದ ಮೇಲೆ ವ್ಯಾನಿನಲ್ಲಿ ಡ್ರೈವರ್ ಜೊತೆ ಯಾರಿರುತ್ತಾರೆ? ಆಯಾ ನಮ್ಮೂರ ತನಕ ಬರುತ್ತಾಳೋ, ದಾರಿಯಲ್ಲಿ ತನ್ನ ಊರಲ್ಲಿ ಇಳಿದುಬಿಡುತ್ತಾಳೋ? ಇದನ್ನು ಆಫೀಸಿನಲ್ಲಿ ಕೇಳಿ ಸುಮ್ಮನಾಗಬೇಡ, ವ್ಯಾನಿನ ಹತ್ತಿರವೇ ಹೋಗಿ ಆಯಾಳನ್ನು ಕೇಳು. ಶಾಲಾ ವಾಹನದಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ವೇಗ ಮಿತಿ ಸಾಧನ, ಅನುಭವವಿರುವ ಡ್ರೈವರ್, ಜೊತೆಗೊಬ್ಬ ಸಹಾಯಕರು ಇರಬೇಕೆಂದು ಸುಪ್ರೀಂ ಕೋರ್ಟ್ 1997ರಷ್ಟು ಹಿಂದೆಯೇ ಹೇಳಿದೆ. ಆಯಾ ಬರುವುದಿಲ್ಲ ಅಂತಾದರೆ ನಮ್ಮೂರಿನಿಂದಲೋ ಕೊಳಹಾಳಿನಿಂದಲೋ ಇನ್ನಿಬ್ಬರು ಮಕ್ಕಳನ್ನು ಜೊತೆ ಮಾಡಿಕೋ, ಆಗದಿದ್ದರೆ ಆ ವ್ಯಾನು ಬೇಡ.

ಶಾಲೆಗೆ ಹೋದಾಗ ಆಫೀಸಿನ ಸೋಫಾದಲ್ಲಿ ಕೂತು ಕಾಫಿ ಕುಡಿದು ಬರಬೇಡ. ನಿನ್ನ ಹೆಂಡತಿಯನ್ನು ಶೌಚಾಲಯ ನೋಡಲು ಕಳಿಸು, ಸ್ಟಾಫಿನದಲ್ಲ, ಮಕ್ಕಳದು. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಮಧ್ಯಾಹ್ನ ಎರಡು ಗಂಟೆಯಲ್ಲೂ ನಲ್ಲಿಯಲ್ಲಿ ನೀರು ಬರುತ್ತದೆಯೇ, ಮುಚ್ಚಳವಿರುವ ಕಸದ ಡಬ್ಬಿ ಇದೆಯೇ, ಬಟ್ಟೆ ತೂಗುಹಾಕಲು ಒಂದು ಮೊಳೆಯಾದರೂ ಇದೆಯೇ. ಚಿಲಕ ಇಲ್ಲದ ಶೌಚಾಲಯದಲ್ಲಿ ಗೆಳತಿಯನ್ನು ಹೊರಗೆ ಕಾವಲಿಗೆ ನಿಲ್ಲಿಸಿಕೊಂಡು ಒಳಹೋಗುವ ಮಕ್ಕಳನ್ನು ನಾನು ನೋಡಿದ್ದೇನೆ. ಅದನ್ನು ತಪ್ಪಿಸಲು ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯದೆ ಇರುವವರನ್ನೂ ನೋಡಿದ್ದೇನೆ. ನಮ್ಮ ದುರ್ಗದ ಬಿಸಿಲಲ್ಲಿ ನೀರು ಕುಡಿಯದೆ ಕೂತ ಮಗುವಿಗೆ ತಲೆನೋವು, ಉರಿಮೂತ್ರ ಬಾರದೆ ಇನ್ನೇನು ಬರುತ್ತದೆ? ತಿಂಗಳ ಮೂರು ನಾಲ್ಕು ದಿನ ಶಾಲೆ ತಪ್ಪಿಸಿದರೆ ವರ್ಷಕ್ಕೆ ಒಂದು ತಿಂಗಳ ಪಾಠವೇ ಹೋಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಶುಚಿ ಯೋಜನೆಯಲ್ಲಿ ಪ್ಯಾಡು ಕೊಡುವ ವ್ಯವಸ್ಥೆ ಇದೆ. ಖಾಸಗಿ ಶಾಲೆ ತಾನೇ ಇಟ್ಟಿರಬೇಕು. ಯಾರನ್ನು ಕೇಳಿದರೆ ಸಿಗುತ್ತದೆ, ಅವರು ಹೆಂಗಸೇ ಎಂದು ವಿಚಾರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ತಂದೆಯಾಗಿ ನೀನೇ ಕೇಳಿದರೂ ತಪ್ಪಿಲ್ಲ.

ಗೇಟಿನ ಪಕ್ಕದ ಫ್ಲೆಕ್ಸಿನಲ್ಲಿ 625ಕ್ಕೆ 620 ತೆಗೆದ ಮಕ್ಕಳ ಫೋಟೋ ಇರುತ್ತದೆ. ಆ ಮಕ್ಕಳ ಶ್ರಮಕ್ಕೆ ಗೌರವ ಕೊಡೋಣ. ಆದರೆ ಫಲಿತಾಂಶದ ಅಂಕಿಯನ್ನೇ ನಂಬಿ ಶಾಲೆ ಆರಿಸಬಾರದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯೇ 96.8ರ ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು. ನಾವೆಲ್ಲ ಸಿಹಿ ಹಂಚಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಮೊದಲ ಸ್ಥಾನ ಉಡುಪಿಗೆ ಹೋಯಿತು. ಹೀಗಿರುವಾಗ ಶಾಲೆಯವರನ್ನು ಕೇಳಬೇಕಾದ್ದು ಬೇರೆ. ಎಂಟನೇ ಕ್ಲಾಸಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಜನ ಇಲ್ಲೇ ಹತ್ತನೇ ಪರೀಕ್ಷೆ ಬರೆದರು? ನಡುವೆ ಟಿಸಿ ಕೊಟ್ಟು ಕಳಿಸಿದ್ದು ಎಷ್ಟು ಜನರನ್ನು, ಯಾಕೆ? ನೂರಕ್ಕೆ ನೂರು ಫಲಿತಾಂಶ ಬೇಕೆಂದು ಓದಿನಲ್ಲಿ ಹಿಂದಿರುವ ಮಕ್ಕಳನ್ನು ಒಂಬತ್ತನೇ ಕ್ಲಾಸಿನಲ್ಲೇ ಸಾಗಹಾಕುವ ಶಾಲೆ ನಿನ್ನ ಮಗಳು ಒಂದು ವರ್ಷ ಎಡವಿದರೆ ಅವಳನ್ನೂ ಸಾಗಹಾಕುತ್ತದೆ.

ಇನ್ನೊಂದು ಮಾತು, ಇದನ್ನು ಆಫೀಸಿನವರು ಹೇಳುವುದಿಲ್ಲ. ಒಂದರಿಂದ ಏಳರವರೆಗೆ ಮಗಳು ನಮ್ಮೂರಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಮುಂದೆ ಸಿಇಟಿ ಬರೆಯುವಾಗ ಒಂದರಿಂದ ಹತ್ತರವರೆಗೆ ಪೂರಾ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸೇಕಡಾ 15, ಪೂರಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸೇಕಡಾ 5 ಸೀಟು ಮೀಸಲು. ಸರ್ಕಾರಿ ನೇಮಕಾತಿಯಲ್ಲೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಎಂಟನೆಗೆ ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ ದಿನವೇ, ಏಳು ವರ್ಷ ಕೂಡಿಟ್ಟ ಆ ಎರಡೂ ಹಕ್ಕು ಹೋಗುತ್ತವೆ. ಮೂರೇ ವರ್ಷ ಉಳಿದಿರುತ್ತದೆ! ಹಾಗೆಯೇ ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಮನೆಯ ವರಮಾನ ಮೂರೂವರೆ ಲಕ್ಷದೊಳಗಿರಬೇಕು, ಓದುವುದು ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಯಾಗಿರಬೇಕು. ಅನುದಾನರಹಿತ ಖಾಸಗಿ ಶಾಲೆಯ ಮಗುವಿಗೆ ಅದು ಇಲ್ಲ. ಬುದ್ಧಿವಂತ ಮಗಳಿಗೆ ಇದು ಸಣ್ಣ ನಷ್ಟವಲ್ಲ. ಪಟ್ಟಣದ ಶಾಲೆ ಬೇಡವೇ ಬೇಡ ಅಂತ ಹೇಳುತ್ತಿಲ್ಲ. ಏನು ಬಿಟ್ಟುಕೊಟ್ಟು ಏನು ಪಡೆಯುತ್ತಿದ್ದೀಯ ಎಂಬುದು ಗೊತ್ತಿದ್ದು ಹೆಜ್ಜೆ ಇಡು. ಸಿರಿಗೆರೆ ಹತ್ತಿರದಲ್ಲೇ ಇದೆ, ಹಳ್ಳಿಗಾಡಿಗೆ ಹೈಸ್ಕೂಲು ತಂದ ತರಳಬಾಳು ವಿದ್ಯಾಸಂಸ್ಥೆ ಅಲ್ಲಿದೆ. ನಮ್ಮೂರಲ್ಲೇ ಸರ್ಕಾರಿ ಪಿಯು ಕಾಲೇಜೂ ಇದೆ. ಇವನ್ನು ನೋಡದೆಯೇ ಕೈಬಿಡಬೇಡ.

ಮಾಧ್ಯಮದ ವಿಷಯ ಬಂತಲ್ಲ, ಅದನ್ನು ಇನ್ನೂ ಸ್ವಲ್ಪ ಹೇಳಬೇಕು. 2014ರಲ್ಲಿ ಸುಪ್ರೀಂ ಕೋರ್ಟು ಕಲಿಕೆಯ ಮಾಧ್ಯಮ ಯಾವುದಿರಬೇಕೆಂಬ ಆಯ್ಕೆಯನ್ನು ತಂದೆತಾಯಿಗೆ ಬಿಟ್ಟಿತು. ಆಯ್ಕೆ ನಿನ್ನದು, ಅದರ ಭಾರ ಹೊರುವವಳು ಮಗಳು. ಏಳನೇ ಕ್ಲಾಸಿನವರೆಗೆ ‘ದ್ಯುತಿಸಂಶ್ಲೇಷಣೆ’, ‘ಲಘುತಮ ಸಾಮಾನ್ಯ ಅಪವರ್ತ್ಯ’ ಎಂದು ಕಲಿತ ಮಗು ಎಂಟನೇ ಕ್ಲಾಸಿನಲ್ಲಿ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಕೇಳಿ ಸುಮ್ಮನಾಗಿಬಿಡುತ್ತದೆ. ಗೊತ್ತಿದ್ದೂ ಕೈ ಎತ್ತುವುದಿಲ್ಲ. ತರಗತಿಗೆ ಮೊದಲಿಗಳಾಗಿದ್ದ ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾಳೆ, ಮನೆಗೆ ಬಂದು ‘ನಾನು ದಡ್ಡಿ’ ಅಂತಾಳೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಏನು ಸಹಾಯ ಮಾಡುತ್ತೀರಿ ಎಂದು ಹೆಡ್‌ಮಿಸ್ಟ್ರೆಸ್‌ರನ್ನು ನೇರವಾಗಿ ಕೇಳು. ಬ್ರಿಡ್ಜ್ ಕೋರ್ಸು ಯಾವ ಹೊತ್ತಿಗೆ, ಯಾರು ತೆಗೆದುಕೊಳ್ಳುತ್ತಾರೆ, ಕ್ಲಾಸಿನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಬಹುದೇ? ‘ಕನ್ನಡ ಮಾತಾಡಿದರೆ ಫೈನು’ ಎನ್ನುವ ಶಾಲೆಯಾದರೆ ಅಲ್ಲಿಂದಲೇ ಎದ್ದು ಬಾ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ದೊಡ್ಡಕೆರೆಗೆ ತುಂಗಭದ್ರೆ ನೀರು ಬಂದ ಮೇಲೆ ನಮ್ಮ ಕಡೆ ರೈತರ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ, ಅದನ್ನು ಮಗಳ ಓದಿಗೆ ಹಾಕುತ್ತಿದ್ದೀಯ ಅನ್ನುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಮೆಕ್ಕೆಜೋಳದ ದರ ಬಿದ್ದ ವರ್ಷದಲ್ಲೂ, ಈರುಳ್ಳಿ ಕೊಳೆತ ವರ್ಷದಲ್ಲೂ ಕಟ್ಟಬಲ್ಲ ಫೀಜು ಎಷ್ಟೋ ಅಷ್ಟಕ್ಕೇ ಕೈಹಾಕು. ಮೂರು ವರ್ಷದ ಲೆಕ್ಕ ಬರೆಸಿಕೋ: ಫೀಜು, ವ್ಯಾನು, ಯೂನಿಫಾರಂ, ಪುಸ್ತಕ, ಟ್ಯೂಷನ್. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳು. ಡೊನೇಷನ್ ವಸೂಲಿಯನ್ನು ನಮ್ಮ ರಾಜ್ಯ 1984ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ಕ್ಲಾಸಿನವರೆಗೆ ಮಗುವಿಗೆ ಪ್ರವೇಶ ಪರೀಕ್ಷೆ, ತಂದೆತಾಯಿಗೆ ಸಂದರ್ಶನ ಮಾಡುವಂತಿಲ್ಲ, ಮಾಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ತೀರ್ಪಾಗಿದೆ, ಆದ್ದರಿಂದ ಸಂಸ್ಥೆ ಯಾರದೆಂದು ತಿಳಿದುಕೊಂಡು ಮಾತಾಡು. ಬೋರ್ಡಿನಲ್ಲಿ ಸಿಬಿಎಸ್‌ಇ ಎಂದು ಬರೆದಿದ್ದರೆ ಸಂಯೋಜನೆ ನಂಬರ್ ಕೇಳಿ, ಬೋರ್ಡಿನ ವೆಬ್‌ಸೈಟಿನಲ್ಲಿ ನೋಡು. ರಾಜ್ಯ ಪಠ್ಯಕ್ರಮವಾದರೆ ಹೈಸ್ಕೂಲಿನ ಮಾನ್ಯತೆ ಪತ್ರ ಇದೆಯೇ, ಹತ್ತನೇ ಪರೀಕ್ಷೆ ಇದೇ ಶಾಲೆಯ ಹೆಸರಿನಲ್ಲಿ ಬರೆಯುತ್ತಾರೆಯೇ ಎಂದು ಬಿಇಒ ಆಫೀಸಿನಲ್ಲಿ ವಿಚಾರಿಸು. ಮಾನ್ಯತೆ ಇಲ್ಲದ ಶಾಲೆಯಲ್ಲಿ ಓದಿಸಿ ಕೊನೆಗೆ ಬೇರೆ ಶಾಲೆಯ ಹೆಸರಲ್ಲಿ ಪರೀಕ್ಷೆಗೆ ಕೂರಿಸಿದರೆ ಬವಣೆ ಮಗಳದು.

ಕಷ್ಟದ ಮಾತು ಒಂದಿದೆ, ಆಡಲೇಬೇಕು. ಹುಡುಗಿಯರ ಶಾಲೆ ಅಂದಮಾತ್ರಕ್ಕೆ ಕೆಟ್ಟದ್ದು ನಡೆಯುವುದಿಲ್ಲ ಎಂದು ತಿಳಿಯಬೇಡ. ಮಗುವಿನ ಜೊತೆ ಯಾರಾದರೂ ಲೈಂಗಿಕವಾಗಿ ಕೆಟ್ಟದಾಗಿ ನಡೆದುಕೊಂಡದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ, ಮುಚ್ಚಿಟ್ಟರೆ ಮುಚ್ಚಿಟ್ಟವರಿಗೇ ಶಿಕ್ಷೆ. ‘ನಮ್ಮ ಶಾಲೆಯಲ್ಲಿ ಅಂಥದ್ದೇನೂ ಆಗಿಲ್ಲ’ ಎಂದು ಮಾತು ಮುಗಿಸುವವರಿಗಿಂತ, ‘ಇಂಥ ದೂರು ಬಂದರೆ ನಾವು ಹೀಗೆ ಮಾಡುತ್ತೇವೆ, ಈ ಮೇಡಂ ಇದನ್ನು ನೋಡಿಕೊಳ್ಳುತ್ತಾರೆ’ ಎಂದು ವಿವರ ಕೊಡುವವರನ್ನು ನಂಬು. ಮಗಳಿಗೆ ಮಕ್ಕಳ ಸಹಾಯವಾಣಿಯ 1098 ನಂಬರ್ ಬಾಯಿಪಾಠ ಮಾಡಿಸು. ಅದಕ್ಕಿಂತ ಮುಖ್ಯವಾಗಿ, ಏನೇ ಹೇಳಿದರೂ ಮನೆಯಲ್ಲಿ ಬೈಗುಳ ಬೀಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂಬ ಧೈರ್ಯ ಕೊಡು. ಹೇಳಿದರೆ ಓದು ನಿಲ್ಲಿಸುತ್ತಾರೆ ಎಂಬ ಅಂಜಿಕೆಯಿಂದಲೇ ಎಷ್ಟೋ ಮಕ್ಕಳು ನುಂಗಿಕೊಂಡು ಕೂತಿರುತ್ತವೆ.

ಮನೆಯಲ್ಲೂ ನೀನು ಮಾಡಬೇಕಾದ್ದಿದೆ. ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಕಳೆದು ಬಂದ ಹುಡುಗಿ ಬ್ಯಾಗು ಇಳಿಸಿದ ಕೂಡಲೇ ಕಸ, ಮುಸುರೆ, ಕೊಟ್ಟಿಗೆ ಅಂತ ನಿಂತರೆ ಪುಸ್ತಕ ಹಿಡಿಯುವುದು ಒಂಬತ್ತು ಗಂಟೆಗೆ, ತೂಕಡಿಸುತ್ತಾ. ಅವಳ ತಮ್ಮ ಅದೇ ಹೊತ್ತಿನಲ್ಲಿ ಬ್ಯಾಟು ಹಿಡಿದು ಹೊರಟಿರುತ್ತಾನೆ. ಮಗಳಿಗೆ ಸಾವಿರಾರು ರೂಪಾಯಿ ಫೀಜು ಕಟ್ಟಿ ಸಂಜೆಯ ಎರಡು ಗಂಟೆ ಕಿತ್ತುಕೊಳ್ಳುವುದು ನ್ಯಾಯವಲ್ಲ. ಲೋಟ ತಟ್ಟೆ ಮಗನೂ ತೊಳೆಯಲಿ, ನೀನೂ ತೊಳೆ.

ಏಪ್ರಿಲ್ ರಜೆ ಬಿದ್ದ ಮೇಲೆ ಹೋದರೆ ಖಾಲಿ ಕಟ್ಟಡ, ಬಣ್ಣದ ಗೋಡೆ ಇಷ್ಟೇ ಕಾಣುವುದು. ಪರೀಕ್ಷೆಗೆ ಮುಂಚೆ, ಶಾಲೆ ನಡೆಯುವ ದಿನ, ಮಗಳನ್ನು ಕರೆದುಕೊಂಡು ಅವಳು ನಾಳೆ ಹತ್ತಬೇಕಾದ ಬಸ್ಸಿನಲ್ಲೇ ಹೋಗು. ಒಂದಲ್ಲ, ಮೂರು ಶಾಲೆ ನೋಡು, ಅದರಲ್ಲಿ ಒಂದು ನಮ್ಮ ಹೋಬಳಿಯದೇ ಇರಲಿ. ಸಂಜೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳ ಮುಖ ನೋಡು, ಅಲ್ಲಿ ಕಾಯುತ್ತಿರುವ ತಾಯಂದಿರನ್ನು ಮಾತಾಡಿಸು, ಆಫೀಸಿನಲ್ಲಿ ಹೇಳದ್ದನ್ನು ಅವರು ಹೇಳುತ್ತಾರೆ. ನಿನ್ನ ಲೆಕ್ಕಕ್ಕೆ ಹೊಂದುವ ಎರಡು ಶಾಲೆ ಉಳಿದ ಮೇಲೆ ನೀವಿಬ್ಬರೂ ಸುಮ್ಮನಾಗಿ. ಎರಡರಲ್ಲಿ ಯಾವುದು ಎಂಬುದನ್ನು ಮಗಳು ಹೇಳಲಿ, ಅವಳು ಹೇಳಿದ ಕಡೆಗೇ ಸೇರಿಸು.